ಗುಜರಿಗೆ ಹಾಕುವ ಮುನ್ನ ಆ ರಿಜಿಸ್ಟರನ್ನು ಉಳಿಸಿ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಬಂಧುಗಳೇ,

ಮುಚ್ಚಿಹೋದ ಒಂದು ಆಸ್ಪತ್ರೆಯ ಚರಿತ್ರೆಯನ್ನು ಮುಂದಿಟ್ಟುಕೊಂಡು ನಿಮ್ಮಲ್ಲಿ ಒಂದು ವಿನಂತಿ ಮಾಡುತ್ತಿದ್ದೇನೆ. ಆಸ್ಪತ್ರೆ ಇರುವುದು ದೂರದ ಕೋಲಾರ ಚಿನ್ನದ ಗಣಿಯಲ್ಲಿ (ಕೆಜಿಎಫ್), ವಿನಂತಿ ಇರುವುದು ನಮ್ಮ ಊರುಗಳ ಬಗ್ಗೆ.

ಕೆಜಿಎಫ್‌ನಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ 1880ರಲ್ಲಿ ಗಣಿಗಾರಿಕೆಗೆ ಇಳಿಯಿತು, ಕಾರ್ಮಿಕರಿಗಾಗಿ ಆಸ್ಪತ್ರೆಯನ್ನೂ ಕಟ್ಟಿತು. 1956ರಲ್ಲಿ ಗಣಿ ಮೈಸೂರು ಸರ್ಕಾರದ ಕೈಸೇರಿತು. ಆಮೇಲೆ ಕೇಂದ್ರದ ಪಾಲಾಗಿ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಸರ್ಕಾರಿ ಸಂಸ್ಥೆಯಾಯಿತು. ನೆಲದಡಿ ಮೂರು ಕಿಲೋಮೀಟರಿಗೂ ಆಳದಲ್ಲಿ ಬಂಡೆ ಸಿಡಿದು ಗಾಯಗೊಂಡವರಿಗೂ, ಕಲ್ಲಿನ ದೂಳು ಕುಡಿದು ಉಸಿರು ಕಟ್ಟಿದವರಿಗೂ, ಅವರ ಮನೆಯ ಬಾಣಂತಿಯರಿಗೂ ಈ ಆಸ್ಪತ್ರೆಯೇ ಆಸರೆಯಾಗಿತ್ತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಆಸ್ಪತ್ರೆಗೂ ಬೀಗ ಬಿತ್ತು.

ಇಪ್ಪತ್ತು ವರ್ಷ ಅದು ದೂಳು ತಿನ್ನುತ್ತಾ ಬಿದ್ದಿತ್ತು. 2021ರಲ್ಲಿ ಕೋವಿಡ್‌ನ ಎರಡನೇ ಅಲೆ ಬಂದು ಹಾಸಿಗೆ ಸಿಗದೆ ಜನ ಒದ್ದಾಡುವಾಗ ಸ್ವಯಂಸೇವಕರು ಒಳಹೊಕ್ಕು ಗುಡಿಸಿದರು, ತೊಳೆದರು, ಬಣ್ಣ ಬಳಿದರು. ಸುಮಾರು ಎರಡೇ ವಾರದಲ್ಲಿ ಅದು ಮತ್ತೆ ರೋಗಿಗಳನ್ನು ಸೇರಿಸಿಕೊಳ್ಳುವಂತಾಯಿತು. ಮನಸ್ಸು ಮಾಡಿದರೆ ಸತ್ತ ಕಟ್ಟಡಕ್ಕೂ ಜೀವ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಆದರೆ ಆಸ್ಪತ್ರೆ ಎಂದರೆ ಕಟ್ಟಡ ಮಾತ್ರವಲ್ಲ. ಅದು ಒಂದು ಊರಿನ ಮೈಯ ನೆನಪನ್ನು ಬರೆದಿಡುವ ಜಾಗ. ಕೆಜಿಎಫ್‌ನಲ್ಲಿ 1940ರ ದಶಕದಲ್ಲಿ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಮಂದಿಯಲ್ಲಿ ಕಲ್ಲಿನ ದೂಳಿನಿಂದ ಬರುವ ಸಿಲಿಕೋಸಿಸ್ ಕಂಡುಬಂದಿತ್ತು. ನಮ್ಮ ದೇಶದಲ್ಲಿ ಈ ರೋಗದ ಚರ್ಚೆ ಇಂದಿಗೂ ಆ ಲೆಕ್ಕದಿಂದಲೇ ಶುರುವಾಗುತ್ತದೆ. ಯಾರೋ ಪರೀಕ್ಷಿಸಿ, ಬರೆದು, ಜೋಪಾನ ಮಾಡಿದ್ದರಿಂದ ಕಾರ್ಮಿಕರ ಕೆಮ್ಮು ಬರಿಯ ಕೆಮ್ಮಾಗಿ ಉಳಿಯಲಿಲ್ಲ, ಗಣಿಯ ಮೇಲಿನ ಸಾಕ್ಷ್ಯವಾಯಿತು.

ಇದು ನಮಗೆ ಬೇರೆ ಯಾರಿಗಿಂತ ಚೆನ್ನಾಗಿ ಅರ್ಥವಾಗಬೇಕು. ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಯ ಮನೆಗಳನ್ನು ನೆನೆಯಿರಿ. ಸರ್ಕಾರದ್ದೇ ಆದ ಗೇರು ಅಭಿವೃದ್ಧಿ ನಿಗಮ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿಯಿತು. 2000ದ ಹೊತ್ತಿಗೆ ಸಿಂಪಡಣೆ ನಿಂತರೂ, ದೇಶದಲ್ಲಿ ಸುಪ್ರೀಂ ಕೋರ್ಟ್ ಆ ಕೀಟನಾಶಕವನ್ನೇ ತಡೆದದ್ದು 2011ರ ಮೇ ತಿಂಗಳಲ್ಲಿ. ಆ ನಡುವೆ ತಮ್ಮ ಮಕ್ಕಳ ನರಳಾಟಕ್ಕೂ ತೋಟದ ವಿಷಕ್ಕೂ ಸಂಬಂಧವಿದೆ ಎಂದು ತೋರಿಸಲು ತಾಯಂದಿರು ಎಷ್ಟು ಬಾಗಿಲು ತಟ್ಟಬೇಕಾಯಿತು! ಯಾವ ವರ್ಷ, ಯಾವ ಊರಿನಲ್ಲಿ, ಯಾವ ಮಗು ಹೇಗೆ ಹುಟ್ಟಿತು ಎಂಬುದಕ್ಕೆ ಉತ್ತರವಿರುವುದು ಉಪಕೇಂದ್ರದ ಹೆರಿಗೆ ಪುಸ್ತಕದಲ್ಲಿ, ಹಳೆಯ ಹೊರರೋಗಿ ರಿಜಿಸ್ಟರಿನಲ್ಲಿ. ಅದು ಹೋದರೆ ಬಡವನ ಮಾತಿಗೆ ಆಧಾರವೇ ಹೋಯಿತು.

ಹೊಸ ಕಟ್ಟಡ ಬಂದಾಗ ಹಳೆಯ ಪ್ರಾಥಮಿಕ ಆರೋಗ್ಯ ಕೇಂದ್ರ, ಪಾಳುಬಿದ್ದ ವಸತಿಗೃಹ, ಬಾಗಿಲು ಹಾಕಿದ ಉಪಕೇಂದ್ರ ಇವುಗಳ ಒಳಗಿದ್ದ ಕಾಗದ ಏನಾಯಿತೆಂದು ಕೇಳುವವರು ಕಡಿಮೆ. ನಮ್ಮ ಮಳೆಗೆ ಮಾಡು ಸೋರಲು ಎರಡು ಆಟಿ ಸಾಕು. ಮಿಕ್ಕಿದ್ದು ಒರಲೆಗೆ, ಅದಕ್ಕೂ ಮಿಕ್ಕಿದ್ದು ಗುಜರಿಗೆ. ಸುಣ್ಣ ಬಳಿದು ಗೋಡೆಯನ್ನು ಮರಳಿ ಪಡೆಯಬಹುದು, ಒರಲೆ ತಿಂದ ಹಾಳೆಯನ್ನು ಪಡೆಯಲಾಗದು.

ಉಳಿಸುವುದು ನಮಗೆ ಹೊಸ ವಿದ್ಯೆಯೇನಲ್ಲ. ಮೂಡುಬಿದಿರೆಯ ಸಿದ್ಧಾಂತ ಬಸದಿ ಧವಲಾ ಗ್ರಂಥಗಳ ತಾಳೆಗರಿಗಳನ್ನು ಶತಮಾನಗಳ ಕಾಲ ಕಾಪಾಡಿ ಲೋಕಕ್ಕೆ ಕೊಟ್ಟಿತು. ಧರ್ಮಸ್ಥಳದಲ್ಲಿ ಮಂಜೂಷಾ ವಸ್ತುಸಂಗ್ರಹಾಲಯವಿದೆ. ಬಿ.ಸಿ.ರೋಡಿನ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರ ತುಳುನಾಡಿನ ದಿನಬಳಕೆಯ ಸಾಮಾನುಗಳನ್ನೂ ಚರಿತ್ರೆಯೆಂದೇ ಕಂಡಿದೆ. ಅದೇ ಗೌರವ ಆಸ್ಪತ್ರೆಯ ಪುಸ್ತಕಗಳಿಗೂ ಸಲ್ಲಲಿ.

ಹಾಗಾಗಿ ನನ್ನ ಮನವಿ ಇಷ್ಟು. ಗ್ರಾಮ ಪಂಚಾಯತ್ ಸದಸ್ಯರೇ, ಆರೋಗ್ಯ ರಕ್ಷಾ ಸಮಿತಿಯವರೇ, ಹಳೆಯ ಆಸ್ಪತ್ರೆ ಕಟ್ಟಡ ಕೆಡವುವ ಮೊದಲು ಒಳಗಿರುವ ದಾಖಲೆಗಳ ಪಟ್ಟಿ ಮಾಡಿಸಿ, ತಾಲೂಕು ಆರೋಗ್ಯಾಧಿಕಾರಿಗೆ ಲಿಖಿತವಾಗಿ ಒಪ್ಪಿಸಿ. ಕಾಲೇಜುಗಳ ಇತಿಹಾಸ ಮತ್ತು ಸಮಾಜಕಾರ್ಯ ವಿಭಾಗದವರೇ, ಇಲಾಖೆಯ ಅನುಮತಿ ಪಡೆದು ಅವುಗಳನ್ನು ಸ್ಕ್ಯಾನ್ ಮಾಡಲು ಮಕ್ಕಳನ್ನು ಕಳುಹಿಸಿ. ರೋಗಿಗಳ ಹೆಸರು ಹೊರಬೀಳದಂತೆ ನೋಡಿಕೊಳ್ಳುವುದನ್ನು ಅವರಿಗೆ ಮೊದಲ ಪಾಠವಾಗಿ ಕಲಿಸಿ. ನಿವೃತ್ತ ನರ್ಸಮ್ಮಂದಿರೇ, ಕಂಪೌಂಡರುಗಳೇ, ಯಾವ ವರ್ಷ ಯಾವ ಜ್ವರ ಊರನ್ನು ಮಲಗಿಸಿತು ಎಂದು ನಿಮಗೆ ಗೊತ್ತು, ದಯವಿಟ್ಟು ಹೇಳಿ, ಕಿರಿಯರು ಬರೆದುಕೊಳ್ಳಲಿ. ಮನೆಮನೆಯವರೇ, ಅಟ್ಟದ ಮೇಲಿನ ಹಳೆಯ ಆಸ್ಪತ್ರೆ ಚೀಟಿಗಳನ್ನು ಒಲೆಗೆ ಹಾಕಬೇಡಿ.

ಮುಂದಿನ ಗ್ರಾಮಸಭೆಯಲ್ಲಿ ಒಬ್ಬರಾದರೂ ಎದ್ದುನಿಂತು ಕೇಳಿ: ನಮ್ಮ ಹಳೆಯ ಆಸ್ಪತ್ರೆಯ ರಿಜಿಸ್ಟರುಗಳು ಎಲ್ಲಿವೆ? ಉತ್ತರ ನಡಾವಳಿ ಪುಸ್ತಕದಲ್ಲಿ ದಾಖಲಾಗುವವರೆಗೆ ಕೂರಬೇಡಿ.