ಹಳ್ಳದ ಹುಳು ಹೇಳುವ ಸಾಕ್ಷಿ

ಮಳೆಗಾಲ ಕಳೆದು ಹಳ್ಳದ ನೀರು ತಿಳಿಯಾದ ಮೇಲೆ ಮಲೆನಾಡಿನ ಕೆಲವು ಊರುಗಳಲ್ಲಿ ಅಪರಿಚಿತ ಯುವಕ ಯುವತಿಯರು ಬಲೆ, ಬಿಳಿ ತಟ್ಟೆ, ಸಣ್ಣ ಸೀಸೆಗಳೊಡನೆ ನೀರಿಗಿಳಿಯುವುದುಂಟು. ಇವರು ಮೀನು ಹಿಡಿಯುವವರಲ್ಲ, ಜಲಕೀಟಗಳನ್ನು ಅಭ್ಯಾಸ ಮಾಡುವ ಸಂಶೋಧಕರು. ಕಳೆದ ವರ್ಷ ನಾನು ಕಂಡಂತೆ, ಅಡಿಕೆ ತೋಟದ ಯಜಮಾನರೊಬ್ಬರು ಇಂತಹವರನ್ನು ಗದರಿಸಿ ಕಳುಹಿಸಿಬಿಟ್ಟರು. ನೀರು ಕೆಟ್ಟಿದೆಯೆಂದು ಇವರು ಬರೆದುಕೊಂಡು ಹೋದರೆ ನಾಳೆ ತಮ್ಮ ತೋಟಕ್ಕೇ ಸಂಚಕಾರ ಬಂದೀತೆಂಬುದು ಅವರ ಅಳುಕು. ಅಳುಕು ಸಹಜವೇ. ಆದರೆ ನಷ್ಟವಾದದ್ದು ಅವರಿಗೇ.

ಸಂಶೋಧಕರು ಮಾಡುವುದಿಷ್ಟೆ. ನೀರು ಹರಿದು ಬರುವ ಕಡೆಗೆ ಬಾಯಿ ಮಾಡಿ ಬಲೆ ಹಿಡಿಯುತ್ತಾರೆ. ಅದರ ಮುಂದಿನ ಕಲ್ಲುಗಳನ್ನು ಕಾಲಿನಿಂದ ಕದಡಿದಾಗ ಅಂಟಿಕೊಂಡ ಹುಳುಗಳು ತೇಲಿ ಬಲೆ ಸೇರುತ್ತವೆ. ತಟ್ಟೆಗೆ ಸುರಿದು, ಬೇಕಾದಷ್ಟನ್ನು ಚಿಮಟದಿಂದ ಆರಿಸಿ ಮದ್ಯಸಾರದ ಸೀಸೆಗೆ ಹಾಕುತ್ತಾರೆ. ಸ್ಥಳ, ತಾರೀಖುಗಳನ್ನು ಪೆನ್ಸಿಲಿನಲ್ಲಿ ಬರೆದ ಚೀಟಿ ಒಳಗಿಡುತ್ತಾರೆ. ಶಾಯಿಯಾದರೆ ಮದ್ಯಸಾರದಲ್ಲಿ ಕರಗಿಹೋಗುತ್ತದೆ. 2007ರಲ್ಲಿ ಬೆಂಗಳೂರಿನ ಏಟ್ರೀ ಸಂಸ್ಥೆ ಈ ವಿಧಾನಗಳ ಕೈಪಿಡಿಯನ್ನೇ ಹೊರತಂದಿತು.

ನೀರಿನ ಪರೀಕ್ಷೆಗೆ ಹುಳುವೇಕೆ ಎಂದು ಕೇಳಬಹುದು. ಸೀಸೆಯಲ್ಲಿ ತುಂಬಿದ ನೀರು ಆ ಗಳಿಗೆಯ ಸ್ಥಿತಿಯನ್ನಷ್ಟೇ ಹೇಳುತ್ತದೆ. ನಿನ್ನೆ ಹರಿದುಹೋದ ವಿಷ ಅದರಲ್ಲಿ ಸಿಕ್ಕದು. ಹುಳುಗಳಾದರೋ ವಾರಗಟ್ಟಲೆ, ತಿಂಗಳುಗಟ್ಟಲೆ ಅದೇ ನೀರಿನಲ್ಲಿ ಬಾಳುತ್ತವೆ. ಬಾಲದಲ್ಲಿ ಎರಡು ಮೂರು ಎಳೆಗಳಿರುವ ಮೇಫ್ಲೈ ಮತ್ತು ಸ್ಟೋನ್‌ಫ್ಲೈ ಮರಿಗಳು, ಮರಳುಕಣ ಅಥವಾ ಎಲೆಚೂರು ಅಂಟಿಸಿ ಗೂಡು ಕಟ್ಟುವ ಕ್ಯಾಡಿಸ್ ಹುಳುಗಳು ಹೆಚ್ಚಾಗಿ ಶುದ್ಧವಾದ, ಗಾಳಿ ಬೆರೆತ ನೀರನ್ನು ಬಯಸುತ್ತವೆ. ಅವು ಮಾಯವಾಗಿ, ಕೆಸರಿನಲ್ಲಿ ಕೆಂಪು ಹುಳುಗಳೇ ತುಂಬಿದ್ದರೆ ನೀರು ಕೆಟ್ಟಿರುವ ಶಂಕೆ ಪಡಬೇಕು.

ಇಲ್ಲಿ ನಮ್ಮ ಇಲಾಖೆಯವರ ತಪ್ಪನ್ನೂ ಒಪ್ಪಿಕೊಳ್ಳಬೇಕು. ಕೊಳೆರೋಗಕ್ಕೆ ಶೇಕಡಾ 1ರ ಬೋರ್ಡೋ ದ್ರಾವಣ ಸಿಂಪಡಿಸಿರೆಂದು ವರ್ಷಗಟ್ಟಲೆ ಹೇಳಿದ ನಾನು, ಪಂಪು ತೊಳೆದ ನೀರು ಎಲ್ಲಿಗೆ ಹೋಗಬೇಕೆಂದು ಹೇಳಿದ್ದು ಕಡಿಮೆ. ಬೋರ್ಡೋ ಬೇಡವೆಂದಲ್ಲ. ಆದರೆ ಮೈಲುತುತ್ತದ ತಾಮ್ರ ಜಲಕೀಟಗಳಿಗೂ ಮೀನಿಗೂ ವಿಷ. ಪೈರೆಥ್ರಾಯ್ಡ್ ಜಾತಿಯ ಕೀಟನಾಶಕಗಳಂತೂ ಅತ್ಯಲ್ಪ ಪ್ರಮಾಣದಲ್ಲೇ ಅವನ್ನು ಕೊಲ್ಲುತ್ತವೆ. ಆದ್ದರಿಂದ ಪಂಪನ್ನಾಗಲಿ ಡಬ್ಬಿಯನ್ನಾಗಲಿ ಹಳ್ಳದಲ್ಲಿ ತೊಳೆಯಬೇಡಿ. ತೊಳೆದ ನೀರನ್ನು ಸಿಂಪಡಿಸಿದ ಬೆಳೆಗೇ ಹಾಕಿ.

ರೈತರು ತಾವೇ ಪರೀಕ್ಷಿಸಬಹುದು. ನೀರಿನ ವೇಗ ಒಂದೇ ತೆರನಾಗಿರುವ ಎರಡು ಜಾಗ ಆರಿಸಿ, ತೋಟದ ಮೇಲ್ಭಾಗದಲ್ಲಿ 10, ಕೆಳಭಾಗದಲ್ಲಿ 10 ಕಲ್ಲು ಮಗುಚಿ ನೋಡಿ. ನೋಡಿದ ಕಲ್ಲನ್ನು ಮೊದಲಿದ್ದಂತೆಯೇ ಇಡಿ. ಮೇಲೆ ಹುಳು ಹರಿದಾಡುತ್ತಿದ್ದು ಕೆಳಗೆ ಏನೂ ಇಲ್ಲದಿದ್ದರೆ, ನಡುವೆ ಏನಾಗಿದೆಯೆಂದು ಹುಡುಕಬೇಕು. ವಿಷವಿರಬಹುದು, ಕೊಚ್ಚಿ ಬಂದ ಮಣ್ಣೂ ಇರಬಹುದು. ಆ ನೀರನ್ನೇ ನಮ್ಮ ದನಕರುಗಳು ಕುಡಿಯುತ್ತವೆ, ಕೆಳಗಿನ ಊರಿನವರು ಬಳಸುತ್ತಾರೆ.

ಸಂಶೋಧಕರಿಗೂ ಒಂದು ಮಾತು. ಊರಿನವರನ್ನು ಕೇಳಿ ಹಳ್ಳಕ್ಕಿಳಿಯಿರಿ, ಅಗತ್ಯಕ್ಕಿಂತ ಹೆಚ್ಚು ಹಿಡಿಯಬೇಡಿ, ಕಂಡದ್ದನ್ನು ಕನ್ನಡದಲ್ಲಿ ಊರಿಗೆ ತಿಳಿಸಿ. 2002ರ ಜೀವವೈವಿಧ್ಯ ಕಾಯಿದೆಯಂತೆ ಪಂಚಾಯಿತಿ ಮಟ್ಟದಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಆ ಸಮಿತಿಯ ದಾಖಲೆಯಲ್ಲಿ ಹಳ್ಳದ ಹುಳುಗಳಿಗೂ ಒಂದು ಪುಟವಿರಲಿ.

ಮುಂದಿನ ಬಾರಿ ಬಲೆ ಹಿಡಿದವರು ಬಂದರೆ ಅಟ್ಟಬೇಡಿ. ಜೊತೆಗೆ ನೀರಿಗಿಳಿದು, ತಟ್ಟೆಯಲ್ಲಿ ಏನು ಬಂತೆಂದು ಕೇಳಿ ತಿಳಿದುಕೊಳ್ಳಿ. ಹಳ್ಳ ನಿಮ್ಮದು, ಅದರ ಲೆಕ್ಕವೂ ನಿಮ್ಮ ಕೈಯಲ್ಲಿರಬೇಕು.