ತಾರಸಿಯ ಸಂಡಿಗೆಯೂ ಭರಣಿಯ ಸಿಡಿಲೂ

ಅಶ್ವಿನಿ, ಭರಣಿ, ಕೃತ್ತಿಕೆ ಎಂಬ ಮಳೆಗಳ ಅವಧಿ ಏಪ್ರಿಲ್ ಮಧ್ಯದಿಂದ ಮೇ ತಿಂಗಳ ಕೊನೆಯ ವಾರದವರೆಗೆ. ಕನ್ನಡನಾಡಿನ ಗೃಹಿಣಿಗೆ ಅದು ತಾರಸಿಯ ಕಾಲವೂ ಹೌದು. ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿಗಳೆಂಬ ವರ್ಷದ ಸಂಗ್ರಹವೆಲ್ಲ ಅಲ್ಲಿಯೇ ಒಣಗಬೇಕು. ಸಂಜೆ ಮೋಡ ಕವಿದು ಗುಡುಗಿದೊಡನೆ ಮನೆಮಂದಿಯೆಲ್ಲ ಅವನ್ನು ಉಳಿಸಲು ಮೇಲಕ್ಕೆ ಓಡುವುದು ವಾಡಿಕೆ. ಆದರೆ ಓಡಬಾರದ ಸಮಯವೇ ಅದು. ನೆನೆದ ಸಂಡಿಗೆಯ ನಷ್ಟವನ್ನು ತುಂಬಿಕೊಳ್ಳಬಹುದು, ಜೀವದ ನಷ್ಟವನ್ನಲ್ಲ.

ಬಿರುಬಿಸಿಲೂ ಸಿಡಿಲೂ ಒಂದೇ ಹಗಲಿನ ಸಂತಾನ. ಕಾದ ನೆಲದ ಬಿಸಿಗಾಳಿಯೊಡನೆ ಕಡಲ ಕಡೆಯ ತೇವವೂ ಮೇಲೇರಿ, ಹತ್ತು ಕಿಲೋಮೀಟರಿಗೂ ಮಿಕ್ಕ ಎತ್ತರದ ಮೋಡವಾಗುತ್ತದೆ. ಅದರೊಳಗೆ ಹಿಮದ ಕಣಗಳು ಒಂದಕ್ಕೊಂದು ತಾಕಿ ವಿದ್ಯುತ್ತು ಶೇಖರವಾಗುತ್ತದೆ. 2022ನೆಯ ಇಸವಿಯೊಂದರಲ್ಲಿಯೇ ಭಾರತದಲ್ಲಿ ಸಿಡಿಲಿಗೆ ಬಲಿಯಾದವರು 2,887 ಮಂದಿ ಎಂದು ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗದ ಲೆಕ್ಕ ತಿಳಿಸುತ್ತದೆ.

ಮೊದಲು ಬಿಸಿಲಿನ ಮಾತು. ತಂಪಿಗೆ ಹೆಸರಾದ ಬೆಂಗಳೂರಿನಲ್ಲಿಯೂ 2016ರ ಏಪ್ರಿಲಿನಲ್ಲಿ ಉಷ್ಣತೆ 39.2 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. ದೇಹವನ್ನು ತಣಿಸುವುದು ಬೆವರಲ್ಲ, ಬೆವರಿನ ಆರುವಿಕೆ. ಮಳೆಗೆ ಮುಂಚಿನ ಸೆಕೆಯಲ್ಲಿ ಅದು ಬೇಗ ಆರದು. ಆದುದರಿಂದಲೇ ಆ ಹೊತ್ತು ವೃದ್ಧರಿಗೂ ಶಿಶುಗಳಿಗೂ ಕಠಿನ. ತಲೆಸುತ್ತು, ಸ್ನಾಯುಸೆಳೆತ ತೋರಿದರೆ ನೆರಳಿನಲ್ಲಿ ಮಲಗಿಸಿ, ಉಪ್ಪು ಬೆರೆಸಿದ ನೀರುಮಜ್ಜಿಗೆಯನ್ನು ಗುಟುಕು ಗುಟುಕಾಗಿ ಕುಡಿಸಬೇಕು. ಮೈ ಸುಡುತ್ತ ಮಾತು ತೊದಲಿದರೆ, ಪ್ರಜ್ಞೆ ತಪ್ಪಿದರೆ, ಅದು ಪ್ರಾಣಾಂತಕವಾದ ಉಷ್ಣಾಘಾತ. ಮೈಗೆಲ್ಲ ತಣ್ಣೀರು ಹಾಕಿ ಗಾಳಿ ಬೀಸುತ್ತಲೇ ಆಸ್ಪತ್ರೆಗೆ ಸಾಗಿಸಬೇಕು. ಪ್ರಜ್ಞೆಯಿಲ್ಲದವರ ಬಾಯಿಗೆ ನೀರು ಹಾಕಬಾರದು.

ಇನ್ನು ಸಿಡಿಲು. ಗುಡುಗಿದಾಗ ಅರ್ಜುನನ ಹತ್ತು ಹೆಸರುಗಳನ್ನು ಹೇಳುವ ಪದ್ಧತಿ ಹಲವು ಮನೆಗಳಲ್ಲುಂಟು. ಅಜ್ಜಿ ಅದನ್ನು ಹೇಳುತ್ತಿರಲಿ. ಮೊಮ್ಮಗ ಮನೆಯೊಳಗೆ ಕುಳಿತು ಮಿಂಚಿಗೂ ಗುಡುಗಿಗೂ ನಡುವಣ ಸೆಕೆಂಡುಗಳನ್ನು ಎಣಿಸಲಿ. ಶಬ್ದ ಒಂದು ಕಿಲೋಮೀಟರು ಸಾಗಲು ಸುಮಾರು 3 ಸೆಕೆಂಡು ಬೇಕು. ಎಣಿಕೆ 30 ಮುಟ್ಟುವ ಮೊದಲೇ ಗುಡುಗಿದರೆ ಸಿಡಿಲು 10 ಕಿಲೋಮೀಟರಿನೊಳಗೇ ಇದೆ. ಮುಂದಿನದು ನೆತ್ತಿಯ ಮೇಲೆಯೇ ಬೀಳಬಹುದು. ಮಳೆ ನಿಂತಿತೆಂದು ಮಕ್ಕಳು ಆಲಿಕಲ್ಲನ್ನೋ ಉದುರಿದ ಮಾವಿನಕಾಯನ್ನೋ ಆಯಲು ಓಡಬಾರದು. ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆಯಬೇಕು.

ಮನೆಯೊಳಗಿದ್ದರೂ ಸ್ನಾನ, ಪಾತ್ರೆ ತೊಳೆಯುವ ಕೆಲಸ, ತಂತಿಗೆ ಜೋಡಿಸಿದ ಉಪಕರಣಗಳ ಬಳಕೆ ಆ ಹೊತ್ತು ಬೇಡ. ಕೊಳಾಯಿಯೂ ತಂತಿಯೂ ವಿದ್ಯುತ್ತಿಗೆ ದಾರಿ. ಬೀದಿಯಲ್ಲಿ ಸಿಕ್ಕಿಬಿದ್ದವರು ಭದ್ರವಾದ ಕಟ್ಟಡವನ್ನು, ಇಲ್ಲವೇ ಗಾಜು ಏರಿಸಿದ ಕಾರನ್ನು ಸೇರಬೇಕು. ಮರದ ಆಶ್ರಯ ಸಲ್ಲದು. ಮರಕ್ಕೆ ಎರಗಿದ ಸಿಡಿಲು ಬುಡದಲ್ಲಿ ನಿಂತವರತ್ತ ಹಾರುತ್ತದೆ, ನೆಲದಲ್ಲಿಯೂ ಹರಿಯುತ್ತದೆ.

ಸಿಡಿಲು ಬಡಿದವರನ್ನು ಮುಟ್ಟಿದರೆ ವಿದ್ಯುತ್ತು ತಗಲುವುದೆಂಬ ಭಯ ಎಷ್ಟೋ ಕಡೆ ಇಂದಿಗೂ ಇದೆ. ಅದು ಸುಳ್ಳು, ಅವರ ದೇಹದಲ್ಲಿ ವಿದ್ಯುತ್ತು ಉಳಿದಿರುವುದಿಲ್ಲ. ಸ್ತಬ್ಧವಾದ ಹೃದಯ ಮತ್ತೆ ಮಿಡಿಯುವ ಸಂಭವ ಉಂಟು. 108ಕ್ಕೆ ಕರೆ ಮಾಡಿ, ಉಸಿರಿಲ್ಲದಿದ್ದರೆ ಎದೆಯ ನಡುವೆ ನಿಮಿಷಕ್ಕೆ 100ರಿಂದ 120ರ ಲೆಕ್ಕದಲ್ಲಿ ಬಲವಾಗಿ ಒತ್ತುತ್ತಿರಬೇಕು. ಸುತ್ತ ನಿಂತು ಮರುಗುವ ಹತ್ತು ಮಂದಿಗಿಂತ ಧೈರ್ಯದಿಂದ ಮುಟ್ಟುವ ಒಬ್ಬರೇ ಅಲ್ಲಿ ಬೇಕಾದವರು.