ಉಳಿದ ಬ್ರೆಡ್, ಬೇಯದ ಮೊಟ್ಟೆ ಮತ್ತು ನಮ್ಮ ಮಕ್ಕಳ ಹೊಟ್ಟೆ

ಕಳೆದ ಮಳೆಗಾಲದಲ್ಲಿ ಒಬ್ಬ ತಾಯಿ ತನ್ನ ಇಬ್ಬರು ಮಕ್ಕಳನ್ನು ಕರೆದುಕೊಂಡು ನನ್ನ ದವಾಖಾನೆಗೆ ಬಂದರು. ಇಬ್ಬರಿಗೂ ವಾಂತಿ, ಭೇದಿ. ಚಿಕ್ಕವನಿಗೆ ಜ್ವರವೂ ಇತ್ತು. ಏನು ತಿಂದಿದ್ದರು ಎಂದು ಕೇಳಿದೆ. "ನಿನ್ನೆ ಬೆಳಿಗ್ಗೆ ಫ್ರೆಂಚ್ ಟೋಸ್ಟ್ ಮಾಡಿಕೊಟ್ಟಿದ್ದೆ ಡಾಕ್ಟ್ರೇ. ಬ್ರೆಡ್ಡಿನ ಮೂಲೆ ಸ್ವಲ್ಪ ಹಸಿರಾಗಿತ್ತು, ಅಷ್ಟನ್ನು ಕಿತ್ತು ತೆಗೆದೆ. ಬಿಸಾಡಿದರೆ ಇಸ್ರಾಫ್ ಅಲ್ವಾ?" ಎಂದರು. ಮೊಟ್ಟೆ ಚೆನ್ನಾಗಿ ಬೆಂದಿತ್ತೇ ಎಂದು ಕೇಳಿದಾಗ, "ಒಳಗೆ ಮೆತ್ತಗಿದ್ದರೇ ಇವರಿಗೆ ಇಷ್ಟ" ಎಂಬ ಉತ್ತರ ಬಂತು.

ಓಆರ್‌ಎಸ್, ಗಂಜಿ, ವಿಶ್ರಾಂತಿಯಿಂದ ಮಕ್ಕಳು ಮೂರು ದಿನಗಳಲ್ಲಿ ಚೇತರಿಸಿಕೊಂಡರು. ತೊಂದರೆ ಬಂದದ್ದು ಬ್ರೆಡ್ಡಿನಿಂದಲೋ, ಮೊಟ್ಟೆಯಿಂದಲೋ, ಬೇರೆ ಯಾವುದರಿಂದಲೋ ಎಂದು ನಾನು ಖಚಿತವಾಗಿ ಹೇಳಲಾರೆ. ಆದರೆ ಆ ತಾಯಿಯ ಪ್ರಶ್ನೆ ನನ್ನ ಮನಸ್ಸಿನಲ್ಲಿ ಉಳಿಯಿತು. ನಮ್ಮ ಅನೇಕ ಮನೆಗಳಲ್ಲಿ ಇದೇ ಪ್ರಶ್ನೆ ಇದೆ.

ಫ್ರೆಂಚ್ ಟೋಸ್ಟ್ ಕೆಟ್ಟ ತಿಂಡಿಯಲ್ಲ. ಫ್ರಾನ್ಸಿನವರು ಇದನ್ನು ಕರೆಯುವ ಹೆಸರಿನ ಅರ್ಥವೇ 'ಕಳೆದುಹೋದ ಬ್ರೆಡ್' ಎಂದು. ಒಣಗಿ ಗಟ್ಟಿಯಾದ ಬ್ರೆಡ್ಡನ್ನು ಹಾಲು, ಮೊಟ್ಟೆಯಲ್ಲಿ ಅದ್ದಿ ಮತ್ತೆ ತಿನ್ನುವಂತೆ ಮಾಡುವ ಉಪಾಯ ಅದು. ಹೊಸ ಬ್ರೆಡ್ ಹಾಲಿನಲ್ಲಿ ಕರಗಿ ಮುದ್ದೆಯಾಗುತ್ತದೆ, ಒಂದು ದಿನ ಹಳೆಯದು ಚೆನ್ನಾಗಿ ಹೀರಿಕೊಳ್ಳುತ್ತದೆ. ಹಾಗಾಗಿ ಪೋಲು ತಪ್ಪಿಸಲು ಇದಕ್ಕಿಂತ ಒಳ್ಳೆಯ ತಿಂಡಿ ಕಡಿಮೆ. ಆದರೆ ಒಣಗಿದ ಬ್ರೆಡ್ ಬೇರೆ, ಬೂಷ್ಟು ಬಂದ ಬ್ರೆಡ್ ಬೇರೆ. ಈ ವ್ಯತ್ಯಾಸ ಮನೆಯ ಎಲ್ಲರಿಗೂ ತಿಳಿದಿರಬೇಕು.

ಬೂಷ್ಟಿನ ಹಸಿರು ಚುಕ್ಕೆ ನಮಗೆ ಕಾಣುವ ಭಾಗ ಮಾತ್ರ. ಅದರ ಸೂಕ್ಷ್ಮ ಎಳೆಗಳು ಮೆತ್ತನೆಯ ಬ್ರೆಡ್ಡಿನೊಳಗೆ ಆಗಲೇ ಹರಡಿರುತ್ತವೆ. ಮೂಲೆ ಕಿತ್ತರೆ ಅವು ಹೋಗುವುದಿಲ್ಲ. ಕೆಲವು ಬೂಷ್ಟುಗಳು ವಿಷವನ್ನೂ ಉಂಟುಮಾಡುತ್ತವೆ. ಅಂಥ ವಿಷಗಳಲ್ಲಿ ಹಲವು ಕಾವಲಿಯ ಬಿಸಿಗೆ ನಾಶವಾಗುವುದಿಲ್ಲ. ಒಂದು ತುಂಡಿನಲ್ಲಿ ಬೂಷ್ಟು ಕಂಡರೂ ಇಡೀ ಪ್ಯಾಕೆಟ್ ಬಿಸಾಡಿ. ಕೋಳಿಗೂ ಹಾಕಬೇಡಿ.

ಇದು ಇಸ್ರಾಫ್ ಅಲ್ಲವೇ? ನನ್ನ ಅಭಿಪ್ರಾಯ ಇಷ್ಟು: ಪೋಲು ನಡೆದದ್ದು ಬಿಸಾಡಿದಾಗ ಅಲ್ಲ, ಬೇಕಾದ್ದಕ್ಕಿಂತ ದೊಡ್ಡ ಪ್ಯಾಕೆಟ್ ತಂದಾಗ. ದೇಹವೂ ನಮ್ಮ ಬಳಿ ಇರುವ ಅಮಾನತ್ತು. ಹತ್ತಾರು ರೂಪಾಯಿ ಉಳಿಸಲು ಮಗುವಿನ ಹೊಟ್ಟೆಯನ್ನು ಕಸದ ಬುಟ್ಟಿ ಮಾಡಬಾರದು. ಮಳೆಗಾಲದಲ್ಲಿ ಚಿಕ್ಕ ಪ್ಯಾಕೆಟ್ ತನ್ನಿ. ಉಳಿದರೆ ಅದೇ ದಿನ ಫ್ರೀಜರಿನಲ್ಲಿಡಿ, ಅಥವಾ ಕಾವಲಿಯಲ್ಲಿ ಗರಿಗರಿಯಾಗಿ ಒಣಗಿಸಿ ಪುಡಿ ಮಾಡಿ ಕಟ್ಲೆಟ್ಟಿಗೆ ಬಳಸಿ.

ಎರಡನೆಯ ಮಾತು ಮೊಟ್ಟೆಯದು. ಇಲ್ಲಿ ಯುನಾನಿ ವೈದ್ಯನಾದ ನಾನು ಒಂದು ವಿಷಯವನ್ನು ಒಪ್ಪಿಕೊಳ್ಳಬೇಕು. ನಮ್ಮ ಪದ್ಧತಿಯಲ್ಲಿ ಅರೆಬೆಂದ ಮೊಟ್ಟೆಗೆ 'ನೀಮ್‌ಬರಿಶ್ತ್' ಎನ್ನುತ್ತಾರೆ. ಅದು ಬೇಗ ಜೀರ್ಣವಾಗುತ್ತದೆ, ಬಲ ಕೊಡುತ್ತದೆ ಎಂದು ಹಕೀಮರು ಹೊಗಳಿದ್ದಾರೆ. ರೋಗಿಗಳು ಅದನ್ನೇ ನನಗೆ ನೆನಪಿಸುತ್ತಾರೆ. ಆದರೆ ಆ ಹಕೀಮರ ಕಾಲದ ಮೊಟ್ಟೆ ಇವತ್ತಿನಂತೆ ಫಾರಂನಿಂದ ಲಾರಿಗೆ, ಲಾರಿಯಿಂದ ಅಂಗಡಿಗೆ ಹೋಗಿ ದಿನಗಟ್ಟಲೆ ಟ್ರೇಯಲ್ಲಿ ಕೂತು ಬರುತ್ತಿರಲಿಲ್ಲ. ಸಾಲ್ಮೊನೆಲ್ಲಾ ಎಂಬ ರೋಗಾಣು ಸಿಪ್ಪೆಯ ಮೇಲೂ, ಕೆಲವೊಮ್ಮೆ ಮೊಟ್ಟೆಯ ಒಳಗೂ ಇರಬಹುದು ಎಂದು ಇಂದು ನಮಗೆ ಗೊತ್ತಿದೆ. ಗೊತ್ತಿದ್ದೂ ಹಳೆಯ ಮಾತನ್ನೇ ಹಿಡಿದು ಕೂರುವುದು ಆ ಹಕೀಮರಿಗೆ ತೋರಿಸುವ ಗೌರವವಲ್ಲ. ಚಿಕ್ಕ ಮಕ್ಕಳು, ಗರ್ಭಿಣಿಯರು, ವಯಸ್ಸಾದವರು, ಸಕ್ಕರೆ ಕಾಯಿಲೆಯವರು ಪೂರ್ತಿ ಬೆಂದ ಮೊಟ್ಟೆಯನ್ನೇ ತಿನ್ನಬೇಕು.

ಮನೆಯಲ್ಲಿ ಹೀಗೆ ಮಾಡಿ. ನಾಲ್ಕು ತುಂಡು ಬ್ರೆಡ್ಡಿಗೆ 2 ಮೊಟ್ಟೆ, ಅರ್ಧ ಕಪ್ ಕಾಯಿಸಿ ಆರಿಸಿದ ಹಾಲು. ಒಡೆದ ಅಥವಾ ಬಿರುಕು ಬಿಟ್ಟ ಮೊಟ್ಟೆ ಬೇಡ. ಚಿಟಿಕೆ ಉಪ್ಪು, ಕಾಳುಮೆಣಸಿನ ಪುಡಿ, ಸಣ್ಣಗೆ ಹೆಚ್ಚಿದ ಈರುಳ್ಳಿ, ಕೊತ್ತಂಬರಿ ಸೊಪ್ಪು ಹಾಕಿ ಕಲಸಿ. ಬ್ರೆಡ್ಡನ್ನು ಪ್ರತಿ ಬದಿಗೂ ಹತ್ತು ಸೆಕೆಂಡ್ ಅದ್ದಿದರೆ ಸಾಕು. ಹೆಚ್ಚು ನೆನೆದರೆ ಹೊರಗೆ ಕರಿದು ಒಳಗೆ ಹಸಿಯಾಗಿ ಉಳಿಯುತ್ತದೆ. ಒಂದು ಚಮಚ ಎಣ್ಣೆ ಅಥವಾ ತುಪ್ಪ ಸವರಿದ ಕಾವಲಿಯಲ್ಲಿ, ಸಣ್ಣ ಉರಿಯಲ್ಲಿ, ಪ್ರತಿ ಬದಿಯನ್ನೂ ಮೂರು ನಿಮಿಷ ಬೇಯಿಸಿ. ನಡುವೆ ಚಮಚದಿಂದ ಒತ್ತಿ ನೋಡಿ, ನೀರಿನಂತೆ ಏನೂ ಜಿನುಗಬಾರದು. ಒಳಭಾಗ 71 ಡಿಗ್ರಿ ಸೆಲ್ಸಿಯಸ್ ತಲುಪಬೇಕು ಎಂಬುದು ಇಂದಿನ ಸುರಕ್ಷತೆಯ ಲೆಕ್ಕ. ಅಡುಗೆಮನೆಯಲ್ಲಿ ಈ ಒತ್ತುವ ಪರೀಕ್ಷೆಯೇ ನಮ್ಮ ಥರ್ಮಾಮೀಟರ್. ಹಸಿ ಮೊಟ್ಟೆ ಮುಟ್ಟಿದ ಕೈ, ಬಟ್ಟಲನ್ನು ಸಾಬೂನಿನಿಂದ ತೊಳೆಯಿರಿ. ಉಳಿದ ಮಿಶ್ರಣವನ್ನು ಸಂಜೆಗೆ ಎತ್ತಿಡದೆ ಆಗಲೇ ಆಮ್ಲೆಟ್ ಮಾಡಿಬಿಡಿ.

ಸಿಹಿ ಬೇಕೆಂದರೆ ಸಕ್ಕರೆಯ ಬದಲು ಮಾಗಿದ ಬಾಳೆಹಣ್ಣು, ಚಿಟಿಕೆ ದಾಲ್ಚಿನ್ನಿ ಸಾಕು. ಜೇನು ಒಳ್ಳೆಯದು ಎಂದು ಧಾರಾಳವಾಗಿ ಸುರಿಯುವವರಿದ್ದಾರೆ. ಸಕ್ಕರೆ ಕಾಯಿಲೆಯವರ ರಕ್ತದಲ್ಲಿ ಜೇನೂ ಸಕ್ಕರೆಯನ್ನು ಏರಿಸುತ್ತದೆ. ಒಂದು ವರ್ಷ ತುಂಬದ ಮಗುವಿಗಂತೂ ಜೇನು ಕೊಡಲೇಬಾರದು. ಅದರಲ್ಲಿ ಇರಬಹುದಾದ ರೋಗಾಣು ಅಷ್ಟು ಚಿಕ್ಕ ಮಗುವಿಗೆ ಪ್ರಾಣಾಪಾಯ ತರಬಲ್ಲದು.

ಕೊನೆಯದಾಗಿ ಮನೆಯ ಗಂಡಸರಿಗೆ ಒಂದು ಮಾತು. ಅಂದು ಆ ತಾಯಿಯನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ಬ್ರೆಡ್ ತಂದದ್ದು ಗಂಡ, ಬಿಸಾಡಿದರೆ ಲೆಕ್ಕ ಕೇಳುವವನೂ ಗಂಡ. ಹೆದರಿ ಹೆಂಡತಿ ಬೂಷ್ಟು ಕಿತ್ತು ಬೇಯಿಸುತ್ತಾಳೆ, ಉಳಿದದ್ದನ್ನು ತಾನೂ ತಿನ್ನುತ್ತಾಳೆ. ಇಂದು ರಾತ್ರಿ ನಿಮ್ಮ ಮನೆಯ ಬ್ರೆಡ್ ಪ್ಯಾಕೆಟ್ಟನ್ನು ನೀವೇ ಬೆಳಕಿಗೆ ಹಿಡಿದು ನೋಡಿ. ಹಸಿರು ಕಂಡರೆ ನೀವೇ ಬಿಸಾಡಿ.